ಬಟ್‌ಗೆ ಸೀಸ ತುಂಬಿದರೆ ರೈಫಲ್‌ನ ಒದೆತ ಕಡಿಮೆಯಾಗುವುದೇಕೆ?

ರೈಫಲ್‌ನಲ್ಲಿ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗವನ್ನು ಬಟ್ ಎನ್ನುತ್ತಾರೆ. ಒದೆತ ಜೋರಾಗಿರುವ ರೈಫಲ್‌ಗಳಲ್ಲಿ ಮರದ ಬಟ್ ಕೊರೆದು ಒಳಗೆ ಸೀಸ ತುಂಬುವುದುಂಟು. ಇದರಿಂದ ಒದೆತ ತಗ್ಗುವುದು ನಿಜ. ಏಕೆ ಎಂದು ಕೇಳಿದರೆ ತರಗತಿಯಲ್ಲಿ ಥಟ್ಟನೆ ಬರುವ ಉತ್ತರ, 'ಸಂವೇಗ ಕಡಿಮೆಯಾಗುತ್ತದೆ' ಎಂದು. ಈ ಉತ್ತರ ತಪ್ಪು.

ಗುಂಡು ಹಾರುವ ಮೊದಲು ರೈಫಲ್ ಮತ್ತು ಗುಂಡಿನ ಒಟ್ಟು ಸಂವೇಗ ಸೊನ್ನೆ. ಹಾರಿದ ಮೇಲೂ ಅದು ಸೊನ್ನೆಯೇ ಆಗಿರಬೇಕು. ಗುಂಡು ಮುಂದಕ್ಕೆ ಒಯ್ದಷ್ಟೇ ಸಂವೇಗವನ್ನು ರೈಫಲ್ ಹಿಂದಕ್ಕೆ ಪಡೆಯುತ್ತದೆ. 10 ಗ್ರಾಂ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 0.01 × 800 = 8 ಕೆ.ಜಿ. ಮೀ/ಸೆ. 4 ಕೆ.ಜಿ. ರೈಫಲ್ ಆಗ 2 ಮೀ/ಸೆ ವೇಗದಲ್ಲಿ ಹಿಮ್ಮೆಟ್ಟುತ್ತದೆ. ಅದರ ಚಲನ ಶಕ್ತಿ 8 ಜೌಲ್.

ಈಗ 1 ಕೆ.ಜಿ. ಸೀಸ ಸೇರಿಸಿ. ಸಂವೇಗ ಅದೇ 8. ವೇಗ ಮಾತ್ರ 1.6 ಮೀ/ಸೆಗೆ, ಚಲನ ಶಕ್ತಿ 6.4 ಜೌಲ್‌ಗೆ ಇಳಿಯಿತು. ಅಂದರೆ ಶೇ. 20ರಷ್ಟು ಕಡಿತ. ಅಷ್ಟೇ ಸಂವೇಗವುಳ್ಳ ಗುಂಡಿನ ಶಕ್ತಿ ಎಷ್ಟು ಗೊತ್ತೇ? 3200 ಜೌಲ್! ಸಂವೇಗ ಸಮನಾಗಿರುವಾಗ ಹಗುರವಾದದ್ದೇ ಹೆಚ್ಚು ಶಕ್ತಿ ಒಯ್ಯುತ್ತದೆ. ನಮ್ಮ ಭುಜ ಉಳಿಯುವುದು ಇದರಿಂದಲೇ.

ಪಠ್ಯದ ಲೆಕ್ಕಗಳು ಸಾಮಾನ್ಯವಾಗಿ ಒಂದು ಸಂಗತಿಯನ್ನು ಬದಿಗಿಡುತ್ತವೆ. ಮದ್ದು ಉರಿದು ಉಂಟಾದ ಅನಿಲವೂ ನಳಿಕೆಯಿಂದ ಮುಂದಕ್ಕೆ ನುಗ್ಗುತ್ತದೆ. 3 ಗ್ರಾಂ ಮದ್ದಿನ ಅನಿಲ 1200 ಮೀ/ಸೆ ವೇಗದಲ್ಲಿ ಹೊರಟಿತೆಂದುಕೊಂಡರೆ ಇನ್ನೂ 3.6 ಸೇರಿ ಒಟ್ಟು ಸಂವೇಗ 11.6 ಆಗುತ್ತದೆ. ಸೀಸವಿಲ್ಲದ ರೈಫಲ್‌ನ ಒದೆತ 8 ಜೌಲ್‌ನಿಂದ ಸುಮಾರು 16.8ಕ್ಕೆ ಏರುತ್ತದೆ. ಸಣ್ಣ ಚಿಟಿಕೆ ಮದ್ದಿಗೆ ಇಷ್ಟು ದೊಡ್ಡ ಪಾಲು!

ಎನ್.ಸಿ.ಸಿ. ಕೆಡೆಟ್‌ಗಳು 'ನಮಗೆ ಒದೆತವೇ ಗೊತ್ತಾಗಲಿಲ್ಲ' ಎಂದರೆ ನಂಬಬಹುದು. ಅವರು ಬಳಸುವ .22 ರೈಫಲ್‌ನ ಗುಂಡು ಸುಮಾರು 2.6 ಗ್ರಾಂ, ವೇಗ 330 ಮೀ/ಸೆ ಆಸುಪಾಸು. 4 ಕೆ.ಜಿ. ರೈಫಲ್ ಆಗ ಸೆಕೆಂಡಿಗೆ 20 ಸೆಂ.ಮೀ.ನಷ್ಟು ವೇಗದಲ್ಲಿ ಹಿಂದೆ ಸರಿಯುತ್ತದೆ. ಇದಕ್ಕೆ ಸೀಸ ತುಂಬಿದರೆ ಹೊರುವ ಭಾರ ಹೆಚ್ಚೀತು, ಅಷ್ಟೇ.

ದೊಡ್ಡ ರೈಫಲ್‌ಗೂ ಬಟ್‌ನಲ್ಲಿ ಮನಸ್ಸಿಗೆ ಬಂದಷ್ಟು ತುಂಬುವಂತಿಲ್ಲ. ನಳಿಕೆಯ ರೇಖೆ ಭುಜಕ್ಕೆ ತಾಗುವ ಜಾಗಕ್ಕಿಂತ ಮೇಲಿರುವುದರಿಂದ ಗುಂಡು ಹಾರಿದಾಗ ಮೂತಿ ಮೇಲೇಳುತ್ತದೆ. ಭುಜದಿಂದ ದೂರದ ತೂಕ ಈ ತಿರುಗುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಭುಜದ ಪಕ್ಕದ ತೂಕ ಅಷ್ಟಾಗಿ ತಡೆಯದು. ಹಿಂದೆ ಮಾತ್ರ ಭಾರವಾದರೆ ಸಮತೋಲವೂ ಕೆಟ್ಟು ಗುರಿ ಹಿಡಿಯುವುದು ಕಷ್ಟವಾಗುತ್ತದೆ. ಸೀಸದ ಚೂರುಗಳು ಒಳಗೆ ಅಲುಗಾಡದಂತೆ ಬಿಗಿಯಾಗಿಯೂ ಇರಬೇಕು.

ಬಟ್ ಅನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳುವುದೂ ತೂಕ ಸೇರಿಸುವ ಉಪಾಯವೇ. ಆಗ ರೈಫಲ್ ಜೊತೆ ದೇಹವೂ ಹಿಂದೆ ಸರಿಯುತ್ತದೆ. ಸಡಿಲವಾಗಿ ಹಿಡಿದರೆ ರೈಫಲ್ ಮೊದಲು ಪೂರ್ತಿ ವೇಗ ಪಡೆದು ಆಮೇಲೆ ಬಂದು ಬಡಿಯುತ್ತದೆ. ರಬ್ಬರ್ ಪ್ಯಾಡ್‌ನ ಕೆಲಸ ಬೇರೆ: ಅದು ಸಂವೇಗ ಭುಜಕ್ಕೆ ದಾಟುವ ಕಾಲವನ್ನು ಹಿಗ್ಗಿಸಿ ಬಲವನ್ನು ತಗ್ಗಿಸುತ್ತದೆ.

ನಿಮಗೊಂದು ಲೆಕ್ಕ: ಅನಿಲವನ್ನು ಬಿಟ್ಟು, ಮೊದಲ ಉದಾಹರಣೆಯ ರೈಫಲ್‌ಗೆ ಇನ್ನೂ 4 ಕೆ.ಜಿ. ಸೇರಿಸಿದರೆ ಹಿಮ್ಮೆಟ್ಟುವ ವೇಗ ಅರ್ಧವಾಗುತ್ತದೆ. ವೇಗದ ವರ್ಗದ ಪ್ರಕಾರ ಚಲನ ಶಕ್ತಿ ಕಾಲು ಭಾಗಕ್ಕೆ ಇಳಿಯಬೇಕಲ್ಲವೇ? ಇಳಿಯುವುದು ಅರ್ಧಕ್ಕೆ ಮಾತ್ರ. ಏಕೆ?