‘ಅವನ್ನ ಕ್ಯಾನ್ಸಲ್ ಮಾಡಿಬಿಡು ಅಮ್ಮಾ’

ಪ್ರಶ್ನೆ: ನಾವು ಧಾರವಾಡದವರು. ಯಜಮಾನರ ನೌಕರಿಯಿಂದಾಗಿ ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿ ಫ್ಲ್ಯಾಟ್ ಹಿಡಿದಿದ್ದೇವೆ. ಮಗಳಿಗೆ ಆರು ವರ್ಷ. ತರಕಾರಿಯಿಂದ ಪೆನ್ಸಿಲ್‌ವರೆಗೆ ಎಲ್ಲವನ್ನೂ ಫೋನಿನಲ್ಲೇ ತರಿಸುತ್ತೇವೆ. ಮೊನ್ನೆ ಸಾಮಾನು ತರುವ ಹುಡುಗ ತಡಮಾಡಿದಾಗ ಮಗಳು, ‘ಅವನ್ನ ಕ್ಯಾನ್ಸಲ್ ಮಾಡಿಬಿಡು ಅಮ್ಮಾ’ ಅಂದಳು. ಎದೆ ಧಸಕ್ಕೆಂದಿತು. ಶಾಲೆಯಲ್ಲಿ ‘ನಮ್ಮ ಸಹಾಯಕರು’ ಎಂದು ಚಾರ್ಟ್ ಮಾಡಿಸಿದ್ದರು. ಚಿತ್ರದ ಹಾಳೆ ತಂದು ನಾನೇ ಕತ್ತರಿಸಿ ಅಂಟಿಸಿದೆ, ಶಹಬ್ಬಾಸ್‌ಗಿರಿಯೂ ಬಂತು. ಆದರೆ ಯಾವ ವಸ್ತು ಎಲ್ಲಿಂದ ಬರುತ್ತದೆ, ಯಾರು ಏನು ಕೆಲಸ ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲ. ನನಗೂ ಗುಜರಾತಿ ಬಾರದು, ಅಂಗಡಿಗೆ ಹೋಗಲು ಸಂಕೋಚ. ಏನು ಮಾಡಲಿ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಮಗಳು ಸೊಕ್ಕಿನ ಹುಡುಗಿಯಲ್ಲ. ಫೋನಿನಲ್ಲಿ ಅವಳು ಕಂಡದ್ದು ಒಂದು ಗುಂಡಿ, ತಡವಾದರೆ ದೊಡ್ಡವರು ಅದನ್ನು ಒತ್ತುವುದನ್ನೂ ಕಂಡಿದ್ದಾಳೆ. ಅದರಾಚೆ ಒಬ್ಬ ಮನುಷ್ಯ ಬೆವರುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ದಾರಿಯೇ ಇರಲಿಲ್ಲ. ಬೈಯಬೇಡಿ, ದುಡಿಯುವವರ ಕಷ್ಟದ ಬಗ್ಗೆ ಭಾಷಣವೂ ಬೇಡ. ಈ ವಯಸ್ಸಿಗೆ ಕನಿಕರಕ್ಕಿಂತ ಪರಿಚಯ ಬೇಗ ಹತ್ತುತ್ತದೆ.

ಮುಂದಿನ ಸಲ ತಡವಾದರೆ ಫೋನಿನ ನಕ್ಷೆ ತೋರಿಸಿ, ‘ಶಿವರಂಜನಿ ಚೌಕದಲ್ಲಿ ಸಿಗ್ನಲ್ ಬಿದ್ದಿರಬೇಕು, ಅಲ್ಲೇ ನಿಂತಿದ್ದಾನೆ ನೋಡು’ ಅನ್ನಿ. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರದು. ಆ ಬಿಸಿಲಿನಲ್ಲಿ ಸಿಗ್ನಲ್ ಕಾಯುವುದೆಂದರೇನು ಎಂಬುದನ್ನು ನಿಮ್ಮ ಸ್ಕೂಟರಿನ ಮೇಲೆ ಕೂತು ಅವಳೂ ಅನುಭವಿಸಿರುತ್ತಾಳೆ. ಅಷ್ಟು ಸಾಕು.

ಇಂಥ ಚಾರ್ಟುಗಳ ಮೇಲೆ ನನಗೆ ಹಳೆಯ ಮುನಿಸಿದೆ. ಅವುಗಳಲ್ಲಿ ಹಾಲಿನವನು ಇನ್ನೂ ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡೇ ಬರುತ್ತಾನೆ, ನಿಮ್ಮ ಮನೆಗೆ ಬರುವುದು ಪಾಕೀಟು. ಲಿಫ್ಟ್ ರಿಪೇರಿಯವನಿಲ್ಲ, ಹಳೇ ಪೇಪರ್ ಕೊಳ್ಳುವ ಪಸ್ತಿಯವನಿಲ್ಲ. ಇರುವವರೆಲ್ಲ ಪುಕ್ಕಟೆ ಉಪಕಾರ ಮಾಡುವವರಂತೆ ನಗುತ್ತಿರುತ್ತಾರೆ, ದುಡ್ಡಿನ ಸುದ್ದಿಯೇ ಇಲ್ಲ.

ದುಡ್ಡಿನಿಂದಲೇ ಶುರುಮಾಡಿ. ಬೆಳಿಗ್ಗೆ ನಿಮ್ಮ ಸೊಸೈಟಿಯ ಗೇಟಿನ ಆಸುಪಾಸಿನಲ್ಲಿ ತರಕಾರಿಯ ತಳ್ಳುಗಾಡಿ ನಿಂತಿರುತ್ತದೆ, ಅಲ್ಲಿನವರ ಮಾತಿನಲ್ಲಿ ಲಾರಿ. ಬೇರೆಬೇರೆ ಕಡೆ ಅಲೆಯದೆ, ವಾರಕ್ಕೆರಡು ಸಲ ಒಂದೇ ಲಾರಿಗೆ ಹೋಗಿ. ಯುಪಿಐ ಬೇಡ, ಮಗಳ ಕೈಗೆ ನೋಟು ಕೊಡಿ. ಫೋನಿನೊಳಗಿನ ದುಡ್ಡು ಮಗುವಿನ ಕಣ್ಣಿಗೆ ಬೀಳುವುದಿಲ್ಲ, ಖರ್ಚಾದದ್ದೂ ತಿಳಿಯುವುದಿಲ್ಲ. ನೂರರ ನೋಟು ಹೋಗಿ ನಾಲ್ಕು ಹತ್ತರ ನೋಟು ಬಂದರೆ ಲೆಕ್ಕ ಕೈಗೇ ಸಿಗುತ್ತದೆ. ಮೊದಲ ದಿನ ಅವಳಿಗೆ ಒಂದೇ ಕೆಲಸ: ಬೆಂಡೆಕಾಯಿ ಆರಿಸುವುದು. ತುದಿ ಟಕ್ಕೆಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಎಲ್ಲವನ್ನೂ ಮುರಿಯತೊಡಗಿದರೆ ಮಾರುವವರು ಗದರುತ್ತಾರೆ. ಗದರಲಿ, ಮಾಲು ಅವರದು. ಆಮೇಲೆ ತಕ್ಕಡಿಯ ಅಂಕಿ ಓದಿಸಿ. ಚೀಲ ಕೊಡುವಾಗ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಮೇಲೆ ಬೀಳುತ್ತವೆ. ನಮ್ಮ ಸಂತೆಯ ಕೊಸರು ಅಲ್ಲೂ ಉಂಟು. ‘ಇದಕ್ಕೆ ದುಡ್ಡು ಕೊಡಲಿಲ್ಲವಲ್ಲ?’ ಎಂದು ಮಗಳು ಕೇಳಿದರೆ ಉತ್ತರ ನೀವು ಕೊಡಬೇಡಿ. ಕೊತ್ತಂಬರಿ ಹಾಕಿದವರನ್ನೇ ಕೇಳಲಿ.

ಮಕ್ಕಳೆದುರು ಚೌಕಾಸಿ ಮಾಡಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮರ್ಯಾದೆಯಿಂದ ಕೇಳಿ, ಅವರು ಇಲ್ಲವೆಂದರೆ ಸುಮ್ಮನೆ ಕೊಟ್ಟು ಬರುವುದನ್ನೂ ಮಗು ನೋಡಬೇಕು. ಅಂದಹಾಗೆ, 1972ರಲ್ಲಿ ಇಳಾ ಭಟ್ಟರು ಇದೇ ಊರಿನಲ್ಲಿ ‘ಸೇವಾ’ ಸಂಘಟನೆ ಕಟ್ಟಿದ್ದು ತಲೆಹೊರೆ ಹೊರುವ, ಹಳೇ ಬಟ್ಟೆ ಮಾರುವ, ತರಕಾರಿ ಮಾರುವ ಇಂಥ ಹೆಂಗಸರನ್ನು ಸೇರಿಸಿಕೊಂಡೇ. ನೀವು ಯಾರಿಂದ ಬೆಂಡೆಕಾಯಿ ಕೊಳ್ಳುತ್ತೀರೋ ಅವರು ಒಂದು ಸ್ವಂತ ಉದ್ಯೋಗ ನಡೆಸುತ್ತಿರುವವರು ಎಂಬುದು ನಿಮಗೆ ಮನದಟ್ಟಾಗಿದ್ದರೆ ಮಗಳಿಗೆ ಬೇರೆ ಹೇಳಬೇಕಾಗುವುದಿಲ್ಲ.

ಇನ್ನು ನಿಮ್ಮ ಸಂಕೋಚ. ಪತ್ರದ ಕೊನೆಯಲ್ಲಿ ಅದನ್ನು ಸಣ್ಣದಾಗಿ ಬರೆದಿದ್ದೀರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಭಾಷೆ ಬಾರದ ಊರಿನಲ್ಲಿ ಫೋನು ನಿಮಗೆ ಅಡಗಲು ಜಾಗ ಕೊಟ್ಟಿದೆ, ಮಗಳೂ ಅಲ್ಲೇ ನಿಮ್ಮ ಪಕ್ಕ ಕೂತಿದ್ದಾಳೆ. ಗೆಳತಿಯರ ಜೊತೆ ಆಡಿ ಆಡಿ ಅವಳ ಗುಜರಾತಿ ನಿಮ್ಮದಕ್ಕಿಂತ ಮುಂದಿರಬೇಕು. ‘ಕೇಟ್ಲಾ ಥಯಾ?’, ಎಷ್ಟಾಯಿತು ಎಂದು ಕೇಳುವುದನ್ನು ಅವಳಿಂದಲೇ ಕಲಿಯಿರಿ. ತಪ್ಪಿದರೆ ಅವಳು ನಗುತ್ತಾಳೆ, ನಗಲಿ ಬಿಡಿ. ಕರೆಯುವ ಬಗೆಯಲ್ಲಿ ಧಾರವಾಡದವರಿಗೆ ಕಷ್ಟವೇ ಇಲ್ಲ: ಕಾಕಾ ಅಲ್ಲೂ ಕಾಕಾನೇ. ಹೆಂಗಸರಾದರೆ ಮಗಳಿಗೆ ಮಾಸಿ, ನಿಮಗೆ ಬೆನ್.

ಎಲ್ಲ ವಸ್ತುವಿನ ಬೆನ್ನು ಹತ್ತಬೇಡಿ. ಹಾಲೊಂದನ್ನು ಮಾತ್ರ ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗಿ. ಹಾಲಿನ ಸಹಕಾರಕ್ಕೆ ಹೆಸರಾದ ಆನಂದ್ ನಿಮ್ಮಿಂದ ಸುಮಾರು 75 ಕಿ.ಮೀ. 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಖೇಡಾ ಜಿಲ್ಲೆಯ ರೈತರು ಸಹಕಾರ ಸಂಘ ಕಟ್ಟಿದ್ದು, 1949ರಲ್ಲಿ ಅಲ್ಲಿಗೆ ಬಂದ ಕುರಿಯನ್ ಅದನ್ನು ಬೆಳೆಸಿದ್ದು ನಿಮಗಿರಲಿ. ಆರು ವರ್ಷದವಳಿಗೆ ಬೇಕಾದ್ದು ಕಣ್ಣಿಗೆ ಕಾಣುವಂಥದ್ದು: ಬೆಳಿಗ್ಗೆ, ಸಂಜೆ ಪಾತ್ರೆ ಹಿಡಿದು ಸಾಲು ನಿಲ್ಲುವ ಹಳ್ಳಿಯವರು, ಹಾಲು ಅಳೆದ ಮೇಲೆ ಸ್ವಲ್ಪ ತೆಗೆದು ಕೊಬ್ಬಿನಂಶ ನೋಡುವುದು, ಅದಕ್ಕೆ ತಕ್ಕಂತೆ ದರ ಬರುವುದು, ಎಮ್ಮೆ ಹಾಲಿಗೆ ಆಕಳ ಹಾಲಿಗಿಂತ ಹೆಚ್ಚು ಸಿಗುವುದು. ಇದನ್ನು ನೋಡಲು ಗುಜರಾತೇ ಆಗಬೇಕೆಂದಿಲ್ಲ. ನಮ್ಮ ನಂದಿನಿ ಬೆಳೆದದ್ದೂ ಆನಂದ್ ಮಾದರಿಯಲ್ಲೇ. ರಜೆಗೆ ಬಂದಾಗ ಧಾರವಾಡದ ಹತ್ತಿರದ ಯಾವುದಾದರೂ ಹಳ್ಳಿಯ ಹಾಲಿನ ಡೇರಿಗೆ ಸಂಜೆ ಅಜ್ಜನ ಜೊತೆ ಕಳಿಸಿ. ಡೇರಿಯ ವಾಸನೆ, ಗದ್ದಲ, ಪಾತ್ರೆಗಳ ಸದ್ದು ಎಲ್ಲವೂ ಸೇರಿ ಹಾಲು ಎಂದರೇನೆಂದು ತಿಳಿಯುತ್ತದೆ.

ನಿಮ್ಮ ಬಡಾವಣೆಗೆ ಬರುವುದಷ್ಟೇ ಅಲ್ಲ, ಅಲ್ಲಿಂದ ಹೊರಟದ್ದೂ ಇದೆ. ಪಕ್ಕದಲ್ಲೇ ಇರುವ ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರದಿಂದಲೇ ಆ ಪ್ರದೇಶಕ್ಕೆ ಸ್ಯಾಟಲೈಟ್ ಎಂಬ ಹೆಸರು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತಲುಪಿಸಿದ ಪ್ರಯೋಗದಲ್ಲಿ ಈ ಕೇಂದ್ರದವರು ದುಡಿದಿದ್ದರು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು, ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆಂದೇ ಕಾರ್ಯಕ್ರಮ ಬರುತ್ತಿತ್ತು. ಆ ಕಡೆಯ ಬಳಗದಲ್ಲಿ ಅದನ್ನು ನೋಡಿದವರು ಯಾರಾದರೂ ಇದ್ದರೆ ಮಗಳಿಂದಲೇ ಫೋನ್ ಮಾಡಿಸಿ ಕೇಳಿಸಿ.

ಒಂದು ಎಚ್ಚರಿಕೆ. ಯಾರನ್ನೂ ಪ್ರದರ್ಶನದ ವಸ್ತು ಮಾಡಬೇಡಿ. ಕೇಳದೆ ಫೋಟೊ ತೆಗೆಯುವುದು, ವ್ಯಾಪಾರದ ಹೊತ್ತಿನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿಸುವುದು ಬೇಡ. ಇಸ್ತ್ರಿಯವರ ಹತ್ತಿರ ಬಟ್ಟೆ ಕೊಡುವ ನೆಪದಲ್ಲಿ, ಕೆಲಸ ಕಡಿಮೆ ಇರುವ ಹೊತ್ತು ನೋಡಿಕೊಂಡು ಹೋಗಿ. ಕಾಯ್ದ ಪೆಟ್ಟಿಗೆಯಿಂದ ಮಗಳನ್ನು ದೂರ ನಿಲ್ಲಿಸಿ, ಎಣಿಸಿ ಕೊಡುವ ಕೆಲಸ ಅವಳಿಗೇ ಬಿಡಿ. ಎಷ್ಟೇ ಪರಿಚಯವಾದರೂ ಅವಳೊಬ್ಬಳನ್ನೇ ಕಳಿಸಬೇಡಿ. ಈ ವಯಸ್ಸಿನಲ್ಲಿ ನೀವು ಜೊತೆಗಿರಬೇಕು.