ಸಾಕಿದ ಗಿಳಿ ಹಾರಿಹೋದಾಗ

ಗಿಳಿ ಹಾರಿಹೋದರೆ ಮಕ್ಕಳು ಊಟ ಬಿಡ್ತಾರೆ, ಒಂಟಿ ಅಜ್ಜಿಯರಿಗೆ ಮಾತಿನ ಜೊತೆಯೇ ಹೋದಂತಾಗುತ್ತದೆ. ಮನೆಭೇಟಿಗಳಲ್ಲಿ ನಾವು ಇದನ್ನು ಕಾಣುತ್ತೇವೆ. 2022ರ ಜುಲೈಯಲ್ಲಿ ತುಮಕೂರಿನ ಒಂದು ಕುಟುಂಬ ತಮ್ಮ ಆಫ್ರಿಕನ್ ಗ್ರೇ ಗಿಳಿಗಾಗಿ ಪೋಸ್ಟರ್ ಹಚ್ಚಿ 50,000 ರೂಪಾಯಿ ಬಹುಮಾನ ಸಾರಿತು; ಸಿಕ್ಕಾಗ 85,000 ಕೊಟ್ಟಿತು. ಹಣವಿಲ್ಲದವರೂ ಹುಡುಕಬಹುದು.

ಮೊದಲು, ಯಾವ ಗಿಳಿ ಎಂದು ನೋಡೋಣ. ನಮ್ಮ ನಾಡಿನ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಚೆನ್ನಾಗಿ ಹಾರುತ್ತಿದ್ದರೆ ಮತ್ತೆ ಹಿಡಿಯಬೇಡಿ. ರೆಕ್ಕೆ ಕತ್ತರಿಸಿದ್ದೋ ಗಾಯವಾದದ್ದೋ ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಿ.

ಹೊರದೇಶದ ಜಾತಿಯಾದರೆ ಹೀಗೆ ಮಾಡಿ:

1. ತಡಮಾಡದೆ ಹತ್ತಿರದ ಮರ, ಮಾಡುಗಳನ್ನು ನೋಡಿ; ನೆರೆಯವರಿಗೆ ತಿಳಿಸಿ.

2. ಬೆಳಗ್ಗೆ, ಸಂಜೆ ಹೆಸರು ಹಿಡಿದು ಕರೆಯಿರಿ. ಆಮೇಲೆ ಸುಮ್ಮನೆ ನಿಂತು ಕಿವಿಗೊಡಿ.

3. ಪಂಜರದ ಬಾಗಿಲು ತೆರೆದು, ಇಷ್ಟದ ತಿಂಡಿ ಹಾಕಿ, ಮೇಲಿನಿಂದ ಕಾಣುವಂತೆ ಇಡಿ.

4. ಕಲ್ಲು ಹೊಡೆಯಬೇಡಿ. ಕರೆಂಟ್ ತಂತಿ ಹತ್ತಿರದ ಮರಕ್ಕೆ ಮಕ್ಕಳನ್ನು ಹತ್ತಿಸಲೇಬೇಡಿ. ಗಿಳಿಗಿಂತ ಮಗುವಿನ ಜೀವ ದೊಡ್ಡದು.

ಬಾಗಿಲು ತೆರೆದಿಟ್ಟದ್ದು ಯಾರೆಂದು ಮನೆಯಲ್ಲಿ ಜಗಳ ಬೇಡ. ಅಳುವ ಮಗುವನ್ನೂ ಹುಡುಕಲು ಜೊತೆಗೆ ಕರೆದುಕೊಳ್ಳಿ.

ಸಂಘದಲ್ಲಿ ಚರ್ಚಿಸಿ: ನಮ್ಮ ಬೀದಿಯ ಪಂಜರಗಳಲ್ಲಿ ಇರುವ ಗಿಳಿಗಳು ಯಾವ ಜಾತಿಯವು?