ಅರಣ್ಯ ಭೂಮಿಯಲ್ಲಿ ಹಾದುಹೋಗುವ ಕಾಮಗಾರಿ: ಅಂದಾಜು ಪಟ್ಟಿಗೂ ಮುನ್ನ ಗಮನಿಸಬೇಕಾದುದು

ಜೋಯಿಡಾ, ದಾಂಡೇಲಿ, ಹಳಿಯಾಳ ಹಾಗೂ ಮುಂಡಗೋಡ ತಾಲೂಕುಗಳಲ್ಲಿ ಕುಡಿಯುವ ನೀರಿನ ಕೊಳವೆ ಮಾರ್ಗವಾಗಲಿ, ಕೂಡು ರಸ್ತೆಯಾಗಲಿ ಅರಣ್ಯವನ್ನು ದಾಟದೆ ಒಳಮಜರೆಗಳನ್ನು ತಲುಪುವುದು ಅಪರೂಪ. ಆದರೂ ಕ್ರಿಯಾ ಯೋಜನೆ ಅನುಮೋದನೆಗೊಂಡು, ಗುತ್ತಿಗೆ ನಿಗದಿಯಾಗಿ, ಯಂತ್ರ ಸ್ಥಳಕ್ಕೆ ಬಂದ ದಿನವೇ ಭೂಮಿಯ ಪ್ರಶ್ನೆ ಏಳುವುದುಂಟು. ಅಷ್ಟರಲ್ಲಿ ಮಳೆಗಾಲ ಸಮೀಪಿಸಿರುತ್ತದೆ; ಮಜರೆಯ ಜನರು ಮತ್ತೊಂದು ಬೇಸಿಗೆಯವರೆಗೆ ಹಳ್ಳದ ನೀರನ್ನೇ ಹೊರಬೇಕಾಗುತ್ತದೆ.

ಅರಣ್ಯ ಹಕ್ಕುಗಳ ಕಾಯ್ದೆ, 2006ರ ಕಲಂ 3(2) ಇದಕ್ಕೆ ದಾರಿ ತೋರಿಸಿದೆ. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮಾರ್ಗ, ನೀರಿನ ಕೊಳವೆ, ರಸ್ತೆ, ಸಮುದಾಯ ಭವನ ಮುಂತಾದ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಭೂಮಿಯನ್ನು ಒದಗಿಸಲು ಅಲ್ಲಿ ಅವಕಾಶವಿದೆ. ಪ್ರತಿ ಪ್ರಕರಣದಲ್ಲಿ ಭೂಮಿ ಒಂದು ಹೆಕ್ಟೇರಿಗಿಂತ ಕಡಿಮೆಯಿರಬೇಕು. ಕಡಿಯುವ ಮರಗಳು ಹೆಕ್ಟೇರಿಗೆ 75ನ್ನು ಮೀರಬಾರದು. ಗ್ರಾಮಸಭೆಯ ಶಿಫಾರಸು ಇರಬೇಕು.

ಈ ಮಿತಿಗಳನ್ನು ಸದಸ್ಯರೇ ಲೆಕ್ಕ ಹಾಕಿ ನೋಡಬಹುದು. ಒಂದು ಮೀಟರ್ ಅಗಲ, 800 ಮೀಟರ್ ಉದ್ದದ ಕೊಳವೆ ಕಾಲುವೆಗೆ ಬೇಕಾದುದು 0.08 ಹೆಕ್ಟೇರು, ಆ ಪ್ರಮಾಣದಲ್ಲಿ ಕಡಿಯಬಹುದಾದ ಮರಗಳು ಆರು. ಚರಂಡಿ ಸೇರಿ ಐದು ಮೀಟರ್ ಅಗಲದ ರಸ್ತೆ ಅರಣ್ಯದಲ್ಲಿ ಎರಡು ಕಿಲೋಮೀಟರ್ ಸಾಗಿದರೆ ಸರಿಯಾಗಿ ಒಂದು ಹೆಕ್ಟೇರಾಗುತ್ತದೆ, ಅಂದರೆ ಈ ಕಲಮಿನ ಹೊರಗೆ ಉಳಿಯುತ್ತದೆ. ಅಂತಹ ರಸ್ತೆಯನ್ನು ಕಾಗದದಲ್ಲಿ ಎರಡು ತುಂಡು ಮಾಡಿ ತೋರಿಸುವುದು ಜಾಣತನವೆನಿಸಬಹುದು. ಸ್ಥಳ ಪರಿಶೀಲನೆಯಲ್ಲಿ ಅದು ನಿಲ್ಲದು. ಅಗಲ ತಗ್ಗಿಸಬಹುದೇ, ಹಳೆಯ ಬಂಡಿದಾರಿಯಲ್ಲೇ ಸಾಗಿ ಮರ ಉಳಿಸಬಹುದೇ ಎಂಬುದನ್ನು ವಾರ್ಡಿನ ಸದಸ್ಯರು, ಅಭಿಯಂತರರು ಮತ್ತು ಅರಣ್ಯ ರಕ್ಷಕರು ಜೊತೆಯಾಗಿ ನಡೆದು ನೋಡಿ, ಸರ್ವೆ ನಂಬರು ಹಾಗೂ ಮರಗಳ ಎಣಿಕೆಯನ್ನು ಬರೆದುಕೊಂಡ ನಂತರವೇ ಅಂದಾಜು ಪಟ್ಟಿ ಸಿದ್ಧಪಡಿಸುವುದು ಯುಕ್ತ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ವ್ಯಾಪ್ತಿಯಲ್ಲಿ ಅಲ್ಲಿನ ಅಧಿಕಾರಿಗಳೊಡನೆ ಮೊದಲೇ ಸಮಾಲೋಚಿಸಬೇಕು.

ಹೆಚ್ಚಿನ ಪ್ರಸ್ತಾವಗಳು ಎಡವುವುದು ಗ್ರಾಮಸಭೆಯ ಹಂತದಲ್ಲಿ. ಇಲ್ಲಿ ವಾಡಿಕೆಯ ಹಾಜರಾತಿ ಸಾಲದು, ಕನಿಷ್ಠ ಅರ್ಧದಷ್ಟು ಸದಸ್ಯರ ಕೋರಂ ಅಗತ್ಯ. ಕುಣಬಿ, ಸಿದ್ದಿ, ಗೌಳಿ ಕುಟುಂಬಗಳು ಚದುರಿದಂತಿರುವ ಕಡೆ, ಭತ್ತದ ಕೊಯ್ಲಿನ ದಿನಗಳಲ್ಲಿ ಪಂಚಾಯತಿ ಕಚೇರಿಗೆ ಕರೆದರೆ ಅಷ್ಟು ಜನ ಸೇರುವುದಿಲ್ಲ. ಸಭೆಯೇ ಮಜರೆಗೆ ಹೋಗಬೇಕು.

ನಿರ್ಣಯದೊಡನೆ ಪ್ರಸ್ತಾವ ಸಲ್ಲಿಸಿದ ಮೇಲೆ ವಲಯ ಅರಣ್ಯಾಧಿಕಾರಿಗಳ ಸ್ಥಳ ಪರಿಶೀಲನೆಗೆ ಮೂರು ವಾರ, ವಿಭಾಗದ ಅರಣ್ಯಾಧಿಕಾರಿಗಳ ತೀರ್ಮಾನಕ್ಕೆ ನಾಲ್ಕು ವಾರಗಳ ಕಾಲಾವಕಾಶವಿದೆ. ಅವರು ಒಪ್ಪದಿದ್ದಲ್ಲಿ ವಿಷಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಜೋಯಿಡಾದ ಮಳೆಯಲ್ಲಿ ಪರಿಶೀಲನೆಯೂ ಕಷ್ಟ, ಮಣ್ಣು ಕೆಲಸವೂ ಕಷ್ಟ. ಆದ್ದರಿಂದ ನವೆಂಬರಿನಲ್ಲಿ ಆರಂಭವಾಗಬೇಕಾದ ಕಾಮಗಾರಿಯ ಗ್ರಾಮಸಭೆ ಹಿಂದಿನ ಏಪ್ರಿಲ್‌ನಲ್ಲೇ ಮುಗಿದಿರುವುದು ಒಳಿತು. ಪ್ರಸ್ತಾವದ ಸ್ವೀಕೃತಿ ಪ್ರತಿ ಪಂಚಾಯತಿಯ ಕಡತದಲ್ಲಿರಲಿ. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಪ್ರತಿ ಸಾಮಾನ್ಯ ಸಭೆಯಲ್ಲಿ ಅದರ ಸ್ಥಿತಿಯನ್ನು ತಿಳಿಸಲಿ.

ಅನುಮತಿ ಬರುವ ಮುನ್ನವೇ ಎರಡೂ ತುದಿಗಳ ಕೆಲಸ ಆರಂಭಿಸಿ ನಡುವಿನ ಅರಣ್ಯ ಭಾಗವನ್ನು ಬಿಡುವ ರೂಢಿ ಕೈಬಿಡತಕ್ಕದ್ದು. ತೊಟ್ಟಿ ಕಟ್ಟಿದ ಹಣ ಖರ್ಚಾಗಿರುತ್ತದೆ, ತೊಟ್ಟಿಗೆ ನೀರು ಬಂದಿರುವುದಿಲ್ಲ.